ಕಾಫಿಗೆ ಮುನ್ನ ಎರಡು ಗಳಿಗೆ

ಗೋಣಿಬೀಡಿನ ಮಳೆಗಾಲದಲ್ಲಿ ಸೂರ್ಯನನ್ನು ನಂಬಿ ಹಾಸಿಗೆ ಬಿಡುವವರು ಮಧ್ಯಾಹ್ನದ ಊಟಕ್ಕೆ ಏಳಬೇಕಾದೀತು. ನಮ್ಮ ಮನೆಯಲ್ಲಿ ಬೆಳಗಾಯಿತೆಂಬುದಕ್ಕೆ ಕಾಫಿಯ ಪರಿಮಳವೇ ಗುರುತು. ಐದು ಗಂಟೆಗೆ ಅತ್ತೆಯವರು ಎದ್ದು, ಬಚ್ಚಲ ಒಲೆಗೆ ಉರಿಯಿಟ್ಟು, ಅಡಿಗೆಮನೆಯಲ್ಲಿ ಡಿಕಾಕ್ಷನ್ ಇಳಿಸುವ ಹೊತ್ತಿಗೆ ಮಾವನವರು ಜಗುಲಿಯಲ್ಲಿ ಒಮ್ಮೆ ಕೆಮ್ಮುವರು. ‘ನಾನೂ ಎದ್ದಿದ್ದೇನೆ’ ಎಂಬುದು ಆ ಕೆಮ್ಮಿನ ಅರ್ಥ. ಐದೂವರೆಯಾಗುವಷ್ಟರಲ್ಲಿ ಮನೆಯವರೆಲ್ಲರ ಕೈಯಲ್ಲಿಯೂ ಲೋಟ. ಕಾಫಿ ಕುಡಿಯದೆ ಆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಮಾತನಾಡಿದರೂ ಅದಕ್ಕೆ ಬೆಲೆಯಿಲ್ಲ. ಇಂಥ ಮನೆಯಲ್ಲಿ, ‘ನನಗೆ ಈಗ ಕಾಫಿ ಬೇಡ’ ಎಂದು ಸೊಸೆಯೊಬ್ಬಳು ಹೇಳಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಾನು ಮೈಸೂರಿನವಳು. 2013ರಲ್ಲಿ ಮದುವೆಯಾಗಿ ಈ ತೋಟದ ಮನೆಗೆ ಬಂದೆ. ಬಂದ ಎರಡನೆಯ ಮಳೆಗಾಲದಲ್ಲಿಯೇ ನನ್ನ ದೇಹಕ್ಕೆ ಏನೋ ಆಗಿದೆಯೆಂಬ ಸಂಶಯ ನನಗೆ ಹುಟ್ಟಿತು. ಎದ್ದರೆ ಆಯಾಸ, ಕುಳಿತರೆ ತೂಕಡಿಕೆ. ಎರಡು ಕಂಬಳಿ ಹೊದ್ದರೂ ಚಳಿ ಬಿಡದು. ಬಾಚಣಿಗೆಯ ತುಂಬ ಕೂದಲು. ಊಟ ಮೊದಲಿನಷ್ಟೇ ಇದ್ದರೂ ಮೈ ಊದಿಕೊಳ್ಳುತ್ತಿತ್ತು. ತಿಂಗಳ ಲೆಕ್ಕ ತಪ್ಪತೊಡಗಿತು. ಆದರೆ ಮಲೆನಾಡಿನ ಜುಲೈ ತಿಂಗಳಲ್ಲಿ ಚಳಿಯೆಂದು ಯಾರ ಮುಂದೆ ಹೇಳಿಕೊಳ್ಳುವುದು? “ಬಯಲುಸೀಮೆ ಹುಡುಗಿ, ಒಗ್ಗಬೇಕು ಮಾರಾಯ್ತಿ, ಒಗ್ಗುತ್ತೆ” ಎಂದು ಅತ್ತೆಯವರು ಬೆಲ್ಲದ ಕಾಫಿ ಕೊಟ್ಟರು. ನಾನೂ ಹಾಗೆಯೇ ನಂಬಿದೆ. ಮಳೆ ನಿಂತು, ಕಾಫಿ ಕುಯ್ಲು ಮುಗಿದು, ಮಾರ್ಚಿಯ ಬಿಸಿಲು ಬಂದರೂ ನನ್ನ ಚಳಿ ಮಾತ್ರ ಹೋಗಲಿಲ್ಲ. 2015ರಲ್ಲಿ ತವರಿಗೆ ಹೋದಾಗ ನಮ್ಮ ತಾಯಿ ನನ್ನ ಮುಖವನ್ನು ನೋಡಿದವರೇ ರಕ್ತಪರೀಕ್ಷೆ ಮಾಡಿಸಿದರು. ಟಿ.ಎಸ್.ಎಚ್. ಎಂಬುದು 14 ಇತ್ತು.

ಈ ಮೂರಕ್ಷರದ ಅರ್ಥ ಈಗ ಅನೇಕ ಮನೆಗಳಲ್ಲಿ ತಿಳಿದಿದೆ. ಆದರೂ ಒಂದೆರಡು ಮಾತು ಹೇಳಿಬಿಡುತ್ತೇನೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯಿಡ್ ಗ್ರಂಥಿಯು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ದೇಹದ ಒಲೆಗೆ ಉರಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಅದೇ. ಅದು ಕಡಿಮೆಯಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ‘ಇನ್ನಷ್ಟು ಮಾಡು, ಇನ್ನಷ್ಟು ಮಾಡು’ ಎಂದು ಗದರಿಸುತ್ತದೆ. ಆ ಗದರಿಕೆಯ ಅಳತೆಯೇ ಟಿ.ಎಸ್.ಎಚ್. ಸೋಮಾರಿ ಆಳಿರುವ ತೋಟದಲ್ಲಿ ರೈಟರ ಧ್ವನಿ ಏರುವಂತೆ, ಥೈರಾಯಿಡ್ ಸೋತಷ್ಟೂ ಈ ಅಂಕಿ ಏರುತ್ತದೆ. ನನ್ನ ಗ್ರಂಥಿ ಸೋತಿದ್ದಕ್ಕೆ ಕಾರಣ ನನ್ನ ದೇಹವೇ ಅದರ ಮೇಲೆ ಕತ್ತಿ ಎತ್ತಿದ್ದು. 1912ರಲ್ಲಿ ಹಷಿಮೊಟೊ ಎಂಬ ಜಪಾನಿ ಶಸ್ತ್ರವೈದ್ಯರು ಇದನ್ನು ಮೊದಲು ವರ್ಣಿಸಿದರಂತೆ. ಅವರ ಹೆಸರೇ ಈ ವ್ಯಾಧಿಗೆ ನಿಂತಿದೆ. ಸರಿ, 50 ಮೈಕ್ರೋಗ್ರಾಮಿನ ಒಂದು ಮಾತ್ರೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟರು.

ಬರಿಹೊಟ್ಟೆಯೆಂದರೆ ತಿಂಡಿಗೆ ಮುಂಚೆ ಎಂದು ನಾನು ಅರ್ಥಮಾಡಿಕೊಂಡೆ. ಕಾಫಿಯೂ ಹೊಟ್ಟೆಗೆ ಹೋಗುವ ವಸ್ತುವೆಂಬುದು ನನಗೆ ಹೊಳೆಯಲೇ ಇಲ್ಲ. ನೀರಿನ ಬದಲು ಕಾಫಿಯೊಂದಿಗೇ ಮಾತ್ರೆ ನುಂಗುತ್ತಿದ್ದೆ. ಆರು ತಿಂಗಳಾದರೂ ಟಿ.ಎಸ್.ಎಚ್. ಒಂಬತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಮಾತ್ರೆಯನ್ನು 75ಕ್ಕೆ ಏರಿಸಿದರು. ಅದರಿಂದಲೂ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಇನ್ನು ಬರೆಯಲು ಸಂಕೋಚವಾಗುವ ಸಂಗತಿ. 2016ರ ಕೊನೆಯಲ್ಲಿ ನಾನು ಗರ್ಭಿಣಿಯಾದೆ. ಮದುವೆಯಾಗಿ ಮೂರು ವರ್ಷ ಕಳೆದಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಹಿಗ್ಗು. ನೋಡಲು ಬಂದ ನೆಂಟರೊಬ್ಬರು ನನ್ನ ಮಾತ್ರೆಯ ಬಾಟಲಿಯನ್ನು ಕಂಡು, “ಬಸುರಿ ಹೆಂಗಸು ಇಂಥ ಔಷಧವನ್ನೆಲ್ಲ ತಿನ್ನಬಾರದಮ್ಮ, ಮಗುವಿಗೆ ತಗಲುತ್ತದೆ” ಎಂದರು. ಅವರನ್ನು ದೂರುವುದಿಲ್ಲ, ನನ್ನ ಮನಸ್ಸಿನಲ್ಲಿಯೂ ಅದೇ ಭಯವಿತ್ತು, ಅವರು ಬಾಯಿಬಿಟ್ಟು ಹೇಳಿದರು, ಅಷ್ಟೆ. ಯಾರನ್ನೂ ಕೇಳದೆ ಅಂದೇ ಮಾತ್ರೆ ನಿಲ್ಲಿಸಿದೆ. ಮಗುವಿಗಾಗಿ ಏನನ್ನೋ ತ್ಯಾಗ ಮಾಡಿದ ತೃಪ್ತಿಯೂ ಇತ್ತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಮೂರು ವಾರ ಕಳೆಯಿತು. ಎಂಟನೆಯ ವಾರದಲ್ಲಿ ಗರ್ಭ ನಿಲ್ಲಲಿಲ್ಲ. ಹೊರಗೆ ಕಣದಲ್ಲಿ ಆಳುಗಳು ಕಾಫಿ ಹಣ್ಣನ್ನು ಹರವುತ್ತಿದ್ದ ಸದ್ದು ಕೇಳುತ್ತಿತ್ತು. ಒಳಗೆ ಯಾರೂ ಮಾತನಾಡಲಿಲ್ಲ.

ಮರುವರ್ಷ ನಮ್ಮವರು ನನ್ನನ್ನು ಹಾಸನಕ್ಕೆ ಕರೆದೊಯ್ದು ಒಬ್ಬ ಡಾಕ್ಟರಮ್ಮನವರಿಗೆ ತೋರಿಸಿದರು. ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅದು ನನ್ನಿಂದಲೇ ಆಯಿತೆ?” ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಬಹಳಷ್ಟಕ್ಕೆ ತಾಯಿಯ ತಪ್ಪೇನೂ ಇರುವುದಿಲ್ಲ, ಬೀಜದಲ್ಲಿಯೇ ದೋಷವಿರುತ್ತದೆ. ಚಿಕಿತ್ಸೆಯಿಲ್ಲದ ಥೈರಾಯಿಡ್ ಕೊರತೆಯಿಂದ ಗರ್ಭಪಾತದ ಅಪಾಯ ಹೆಚ್ಚುತ್ತದೆ ಎಂಬುದೂ ನಿಜ. ನಿಮ್ಮ ವಿಷಯದಲ್ಲಿ ಯಾವುದಾಯಿತೆಂದು ಯಾರೂ ಹೇಳಲಾರರು ಎಂದರು. ಆ ಮಾತು ನನಗೆ ಆಗ ಕಠೋರವಾಗಿ ಕಂಡಿತು. ಆದರೆ ಅದರ ಮೇಲೆಯೇ ನಾನು ಮತ್ತೆ ಕಾಲೂರಿ ನಿಂತದ್ದು.

ಬಳಿಕ ಅವರು, “ಈ ಮಾತ್ರೆಯನ್ನು ಹೊರಗಿನ ಔಷಧವೆಂದು ತಿಳಿಯಬೇಡಿ. ನಿಮ್ಮ ದೇಹ ಮಾಡಬೇಕಾಗಿದ್ದು, ಮಾಡಲಾರದೆ ಹೋದದ್ದು, ಅದನ್ನೇ ನಾವು ಬಾಟಲಿಯಿಂದ ಕೊಡುತ್ತಿದ್ದೇವೆ” ಎಂದು ವಿವರಿಸಿದರು. ಇದರ ಚರಿತ್ರೆಯನ್ನು ಆಮೇಲೆ ನಾನೇ ಓದಿ ತಿಳಿದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ರೋಗಿಯೊಬ್ಬಳಿಗೆ ಚುಚ್ಚಿ ಕೊಟ್ಟರು. ಆಕೆ ಇಪ್ಪತ್ತೆಂಟು ವರ್ಷ ಬಾಳಿದಳು. 1914ರ ಕ್ರಿಸ್ಮಸ್ ದಿನ ಅಮೆರಿಕದಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನಿನ ಹರಳುಗಳನ್ನು ಬೇರ್ಪಡಿಸಿದರು. 1927ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವ ವಿದ್ಯೆಯೂ ಕೈಗೂಡಿತು. ನೆಂಟರ ಮಾತಿಗೆ ಹೆದರಿ ನಾನು ಅಟ್ಟಕ್ಕೆಸೆದ ಬಾಟಲಿಯ ಹಿಂದೆ ಇಷ್ಟು ಜನರ ದುಡಿಮೆಯಿತ್ತು.

ಚೀಟಿ ಬರೆಯುವ ಮೊದಲು ಡಾಕ್ಟರಮ್ಮನವರು ಸುಮ್ಮನೆ ಕೇಳಿದಂತೆ ಕೇಳಿದರು: “ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ?”

“ಕಾಫಿಯ ಜೊತೆ.”

ಅವರು ಲೇಖನಿಯನ್ನು ಮೇಜಿನ ಮೇಲಿಟ್ಟು ನಕ್ಕುಬಿಟ್ಟರು. “ಗೋಣಿಬೀಡಿನವರಲ್ಲವೆ? ಕೇಳಬೇಕಾಗಿರಲಿಲ್ಲ” ಎಂದರು. ಕಾಫಿಯು ಈ ಮಾತ್ರೆಯನ್ನು ಕರುಳು ಹೀರಿಕೊಳ್ಳದಂತೆ ಅಡ್ಡಿಪಡಿಸುತ್ತದೆಯಂತೆ. 2008ರಲ್ಲಿ ಇಟಲಿಯ ವೈದ್ಯರು, ಮಾತ್ರೆ ತೆಗೆದುಕೊಂಡರೂ ಗುಣ ಕಾಣದ ಕೆಲವು ರೋಗಿಗಳನ್ನು ಪರೀಕ್ಷಿಸಿ, ಅವರೆಲ್ಲ ಕಾಫಿಯ ಜೊತೆಗೆ ಮಾತ್ರೆ ನುಂಗುತ್ತಿದ್ದರೆಂದು ಪತ್ತೆಹಚ್ಚಿದ್ದರು. ನೀರಿನಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ, ಆದರೆ ಒಂದು ಗಂಟೆ, ಕಾಫಿ ತಿಂಡಿಗಳನ್ನು ಮುಟ್ಟಬಾರದೆಂಬುದು ಅಪ್ಪಣೆ. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಎರಡು ಗಳಿಗೆ. ಹೊಟ್ಟೆ ಬರಿದಾಗಿದ್ದರೆ ರಾತ್ರಿ ಮಲಗುವಾಗಲೂ ನುಂಗಬಹುದಂತೆ. ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ನಮ್ಮ ಮನೆಯ ಊಟ ಮುಗಿಯುವುದು ಒಂಬತ್ತೂವರೆಗೆ. ಹಾಗಾಗಿ ಅದು ಆಗದ ಮಾತು.

ಮರುದಿನ ಬೆಳಿಗ್ಗೆ ಅತ್ತೆಯವರು ಲೋಟ ಚಾಚಿದಾಗ, “ಅತ್ತೆ, ನನಗೆ ಆರು ಗಂಟೆಯ ಮೇಲೆ ಕೊಡಿ” ಎಂದೆ. ಅವರು ಲೋಟವನ್ನು ಕೆಳಗಿಡದೆ ನನ್ನನ್ನೇ ನೋಡಿದರು. ನಾನು ವಿವರಿಸಿದೆ. ಕಾಫಿಯಿಂದ ಕೆಡುಕೆ? ನಾಲ್ಕು ತಲೆಮಾರಿನಿಂದ ಈ ಮನೆಯ ಅನ್ನವೇ ಕಾಫಿ! “ಮಾತ್ರೆಗೇ ಬೇಕಿದ್ದರೆ ಅದೇ ಕಾಯಲಿ” ಎಂದು ಅವರು ಒಳಗೆ ಹೋದರು. ಮಾವನವರು ಜಗುಲಿಯಿಂದ ಒಮ್ಮೆ ಕೆಮ್ಮಿದರು. ಅದರ ಅರ್ಥ ನನಗೆ ತಿಳಿಯಲಿಲ್ಲ. ಆ ವಾರವೆಲ್ಲ ಅತ್ತೆಯವರು ನನ್ನ ಪಾಲಿನ ಕಾಫಿಯನ್ನು ಮಾಡಿಟ್ಟು, ಆರಿಸಿ, ಮತ್ತೆ ಬಿಸಿಮಾಡಿ ಕೊಟ್ಟರು. ಬಿಸಿಮಾಡಿದ ಕಾಫಿಯ ರುಚಿಯನ್ನು ಬಲ್ಲವರಿಗೆ ಅದು ಎಂಥ ಶಿಕ್ಷೆಯೆಂದು ಹೇಳಬೇಕಾಗಿಲ್ಲ.

ಆದರೆ ಎರಡು ತಿಂಗಳಲ್ಲಿ ಅಂಕಿ ಮಾತನಾಡಿತು. ಅದೇ 75ರ ಮಾತ್ರೆ, ಟಿ.ಎಸ್.ಎಚ್. ಸರಸರನೆ ಇಳಿಯಿತು. ಕೆನ್ನೆಯ ಊತ ಹೋಯಿತು, ಕಂಬಳಿ ಒಂದಕ್ಕೆ ಇಳಿಯಿತು. ಗರ್ಭ ಧರಿಸುವ ಮೊದಲೇ ಅದು ಎರಡೂವರೆಯೊಳಗೆ ಬಂದು ನಿಲ್ಲಬೇಕೆಂದು ಡಾಕ್ಟರಮ್ಮನವರ ಹಠ. ನಿಂತಿತು, ನಿಂತೂ ಕಾಯಬೇಕಾಯಿತು. ಆ ಕಾಯುವಿಕೆಯ ವಿಷಯ ಬರೆಯಲು ಹೋದರೆ ಈ ಲೇಖನ ಬೇರೆಯೇ ಆದೀತು.

2019ರ ಏಪ್ರಿಲ್. ಹೂಮಳೆ ಬಿದ್ದು, ತೋಟವೆಲ್ಲ ಬಿಳಿ ಹೂವಾಗಿ, ಆ ಹೂವೂ ಉದುರಿಹೋಗಿತ್ತು. ಪರೀಕ್ಷೆಯಲ್ಲಿ ಗರ್ಭ ನಿಂತಿರುವುದು ಖಚಿತವಾದ ಗಳಿಗೆಯಲ್ಲಿ ಏನು ಮಾಡಬೇಕೆಂದು ಡಾಕ್ಟರಮ್ಮನವರು ಮುಂಚಿತವಾಗಿಯೇ ಬರೆದುಕೊಟ್ಟಿದ್ದರು: ಮಾತ್ರೆ ನಿಲ್ಲಿಸುವುದಿರಲಿ, ಅಂದಿನಿಂದಲೇ ಹೆಚ್ಚಿಸಬೇಕು! ವಾರಕ್ಕೆ ಏಳರ ಬದಲು ಒಂಬತ್ತು. ಭಾನುವಾರ ಎರಡು, ಗುರುವಾರ ಎರಡು. ಕೂಡಲೇ ರಕ್ತಪರೀಕ್ಷೆ. ಇದು ನನಗೆ ಬರೆದುಕೊಟ್ಟ ಲೆಕ್ಕ. ಬೇರೊಬ್ಬರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಅನುಸರಿಸಬಾರದು. ಆದರೆ ಇದರ ಹಿಂದಿನ ಕಾರಣವನ್ನು ಪ್ರತಿಯೊಬ್ಬ ಹೆಣ್ಣೂ ತಿಳಿದಿರಬೇಕೆಂದು ನನ್ನ ಅಭಿಪ್ರಾಯ. ಹೊಟ್ಟೆಯಲ್ಲಿರುವ ಕೂಸಿನ ಸ್ವಂತ ಥೈರಾಯಿಡ್ ಕೆಲಸಕ್ಕೆ ಕೈಯಿಡುವುದು ಹನ್ನೆರಡನೆಯ ವಾರದ ಸುಮಾರಿಗೆ. ಅದು ಪಳಗುವ ಹೊತ್ತಿಗೆ ಹದಿನೆಂಟು ಇಪ್ಪತ್ತು ವಾರವಾಗುತ್ತದೆ. ಅಲ್ಲಿಯವರೆಗೆ ಅದರ ಮೆದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ಎಲ್ಲವೂ ತಾಯಿಯಿಂದಲೇ ಹೋಗಬೇಕು. ಆರೋಗ್ಯವಂತ ತಾಯಿಯ ಗ್ರಂಥಿ ತಾನಾಗಿ ಹೆಚ್ಚು ದುಡಿಯುತ್ತದೆ. ನನ್ನಂಥವಳ ಗ್ರಂಥಿಗೆ ಆ ಶಕ್ತಿಯಿಲ್ಲ. ಆ ಹೆಚ್ಚಳ ಮಾತ್ರೆಯಿಂದಲೇ ಬರಬೇಕು. ಅಂದು ನಾನು ತ್ಯಾಗವೆಂದು ಭಾವಿಸಿ ನಿಲ್ಲಿಸಿದ್ದು ಯಾರ ಪಾಲನ್ನು ಎಂಬುದು ಆಗ ನನಗೆ ಅರ್ಥವಾಯಿತು.

ನಾಲ್ಕು ವಾರಕ್ಕೊಮ್ಮೆ ಮೂಡಿಗೆರೆಗೆ ಹೋಗಿ ರಕ್ತ ಕೊಟ್ಟುಬರುವುದು, ಫಲಿತಾಂಶವನ್ನು ಹಾಸನಕ್ಕೆ ತಿಳಿಸುವುದು. ಮೊದಲ ಸಲ 4.1 ಬಂದು, ಮಾತ್ರೆ 100 ಆಯಿತು. ಹದಿಮೂರನೆಯ ವಾರದಲ್ಲಿ ಮತ್ತೆ ಏರಿ, 125 ಆಯಿತು. ಅಷ್ಟರಲ್ಲಿ ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆಗಳೂ ಬಂದು ಸೇರಿದವು. ಗರ್ಭಿಣಿಗೆ ಇವೆರಡೂ ಬೇಕು. ಆದರೆ ಇವೆರಡೂ ಥೈರಾಕ್ಸಿನ್ನಿಗೆ ಕಾಫಿಗಿಂತಲೂ ಬದ್ಧ ವೈರಿಗಳು. ನಡುವೆ ನಾಲ್ಕು ಗಂಟೆಯ ಅಂತರವಿರಬೇಕು. ಇವೆರಡರೊಳಗೂ ಪರಸ್ಪರ ಹೊಂದಿಕೆಯಿಲ್ಲ. ಕಬ್ಬಿಣಕ್ಕೆ ಕಾಫಿಯೂ ಆಗದು! ಮೂರು ಮಂದಿ ವಾರಗಿತ್ತಿಯರನ್ನು ಒಂದೇ ಅಡಿಗೆಮನೆಯಲ್ಲಿ ಇಟ್ಟುಕೊಂಡ ಹಾಗಾಯಿತು ನನ್ನ ಪಾಡು.

ಇಲ್ಲಿ ನಮ್ಮ ಅತ್ತೆಯವರು ರಂಗಕ್ಕೆ ಇಳಿದರು. ಒಂದು ದಿನ ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರದೇ ದಪ್ಪ ಅಕ್ಷರದಲ್ಲಿ ಬರೆದಿದ್ದ ಪಟ್ಟಿಯನ್ನು ಕಂಡೆ. ಐದಕ್ಕೆ ಥೈರಾಯಿಡ್. ಆರಕ್ಕೆ ಕಾಫಿ. ಒಂಬತ್ತೂವರೆಗೆ ತಿಂಡಿ, ಸುಣ್ಣ. ಊಟವಾದ ಎರಡು ಗಂಟೆಗೆ ಕಬ್ಬಿಣ, ನಿಂಬೆಹಣ್ಣಿನ ಪಾನಕದ ಜೊತೆ. ರಾತ್ರಿ ಊಟಕ್ಕೆ ಮತ್ತೆ ಸುಣ್ಣ. ಕೊನೆಯಲ್ಲಿ, “ಸಂಜೆ ಕಾಫಿ ಐದೂವರೆ ಮೇಲೆ, ಅರ್ಧ ಲೋಟ” ಎಂದು ಅಡಿಗೆರೆ ಎಳೆದಿತ್ತು. ಒಲೆಯ ಮೇಲಿನ ಗೂಡಿನಲ್ಲಿ ಬೆಂಕಿಪೊಟ್ಟಣ, ಉಪ್ಪುಗಳ ಪಕ್ಕ ನಾನು ಇಟ್ಟಿದ್ದ ಮಾತ್ರೆಯ ಬಾಟಲಿ ಅಲ್ಲಿಂದ ಮಾಯವಾಗಿತ್ತು. ಬಿಸಿ, ಬೆಳಕು, ತೇವ ಮೂರೂ ಅದಕ್ಕೆ ಆಗವೆಂದು ಚೀಟಿಯಲ್ಲಿದ್ದುದನ್ನು ಓದಿ, ಅವರು ಅದನ್ನು ತಮ್ಮ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮಧ್ಯೆ ಇಟ್ಟಿದ್ದರು. ಮಳೆಗಾಲಕ್ಕೆ ಸೌದೆ, ಅಕ್ಕಿ, ಮೆಣಸಿನಕಾಯಿಗಳನ್ನು ಕೂಡಿಡುವಂತೆ ಮೂರು ತಿಂಗಳ ಮಾತ್ರೆಯನ್ನೂ ಮೇ ತಿಂಗಳಲ್ಲಿಯೇ ತರಿಸಿಟ್ಟರು. ಮತ್ತು ನನಗೆ ಗೊತ್ತಾಗದಂತೆ ಇನ್ನೊಂದು ಬದಲಾವಣೆ ನಡೆದಿತ್ತು: ಮನೆಯ ಮೊದಲ ಕಾಫಿ ಆರು ಗಂಟೆಗೆ ಸರಿದಿತ್ತು. ಮಾವನವರು ಐದರಿಂದ ಆರರವರೆಗೆ ನಾಲ್ಕಾರು ಬಾರಿ ಕೆಮ್ಮುತ್ತಿದ್ದರು.

ಆ ವರ್ಷದ ಆಗಸ್ಟ್ ತಿಂಗಳನ್ನು ನಮ್ಮ ತಾಲ್ಲೂಕಿನವರು ಮರೆಯಲಾರರು. ಗುಡ್ಡಗಳು ಕುಸಿದವು, ಚಾರ್ಮಾಡಿ ಘಾಟಿ ಮುಚ್ಚಿತು, ತೋಟಗಳು ಮಣ್ಣುಪಾಲಾದವು. ನಮ್ಮ ದಾರಿಗೂ ಮರ ಬಿದ್ದು, ವಿದ್ಯುತ್ತು ಹೋಗಿ, ಮನೆಯೊಂದು ದ್ವೀಪವಾಯಿತು. ನನಗೆ ಇಪ್ಪತ್ತನೆಯ ವಾರ. ಮುಂದಿನ ವಾರ ರಕ್ತಪರೀಕ್ಷೆಯ ಸರದಿ. ರಾತ್ರಿ ದೀಪದ ಬೆಳಕಿನಲ್ಲಿ ಅತ್ತೆಯವರು ಕಳಲೆ ಹೆಚ್ಚುತ್ತಿದ್ದರು. ಎಳೆ ಬಿದಿರಿನಲ್ಲಿ ಥೈರಾಯಿಡಿಗೆ ಅಡ್ಡಿಮಾಡುವ ಅಂಶವಿದೆಯೆಂದು ನಾನು ಹಾಸನದಲ್ಲಿ ಕೇಳಿ ಬಂದಿದ್ದೆ; ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ, ಚೆನ್ನಾಗಿ ಬೇಯಿಸಿದ ಕಳಲೆಯನ್ನು ಅಪರೂಪಕ್ಕೊಮ್ಮೆ ತಿಂದರೆ ಚಿಂತೆಯಿಲ್ಲವೆಂದೂ ಹೇಳಿದ್ದರು. ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯೂ ಇಲ್ಲದೆ ಇದೇ ಕ್ರಮವನ್ನು ಕಂಡುಕೊಂಡಿದ್ದರು ಎಂದು ನಾನು ಮೆಚ್ಚಿ ಮಾತನಾಡುತ್ತಿದ್ದಾಗ, ಅತ್ತೆಯವರು ಕತ್ತಿಯನ್ನು ಪಕ್ಕಕ್ಕಿಟ್ಟು ನಡುಮನೆಯ ಗೋಡೆಯ ಕಡೆ ಕೈ ತೋರಿಸಿದರು.

ಅಲ್ಲಿದ್ದ ಪಟವನ್ನು ನಾನು ಆರು ವರ್ಷಗಳಿಂದ ನೋಡಿದ್ದೆ. ಅತ್ತೆಯವರ ಅಕ್ಕ. ಸೆರಗನ್ನು ಗಲ್ಲದವರೆಗೆ ಎಳೆದು ಕತ್ತನ್ನೆಲ್ಲ ಮುಚ್ಚಿಕೊಂಡು ನಿಂತ ಹೆಂಗಸು. ನಾಚಿಕೆಯ ಸ್ವಭಾವವೆಂದು ನಾನು ತಿಳಿದಿದ್ದೆ.

“ಕುತ್ತಿಗೆಯಲ್ಲಿ ಗಡ್ಡೆ ಇತ್ತು ಅಕ್ಕನಿಗೆ. ಪಟ ತೆಗೆಯುವವನೇ ಮುಚ್ಚಿಕೊಳ್ಳಿ ಅಂದನಂತೆ” ಎಂದರು ಅತ್ತೆ. ಅವರನ್ನು ಕಳಸದ ಕಡೆಗೆ ಕೊಟ್ಟಿದ್ದರು. ಮೂರು ಬಾರಿ ಗರ್ಭ ಹೋಯಿತು. ನಾಗದೋಷವೆಂದರು, ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದರು. ನಾಲ್ಕನೆಯದು ಉಳಿಯಿತು. ಆದರೆ ಆ ಹುಡುಗನಿಗೆ ಮಾತು ಬರಲಿಲ್ಲ, ಕಿವಿ ಕೇಳಲಿಲ್ಲ. ಭಾವನವರು ಇನ್ನೊಂದು ಮದುವೆ ಮಾಡಿಕೊಂಡರು. ಅಕ್ಕ ಮಗನನ್ನು ಕರೆದುಕೊಂಡು ತವರಿಗೆ ಬಂದುಬಿಟ್ಟರು. “ಹೊದ್ದು ಮಲಗೇ ಇರ್ತಿದ್ದಳು. ಸೋಮಾರಿ ಅಂತ ನಾನೂ ಅಂದಿದ್ದೇನೆ. ನೀನು ಚಳಿ ಚಳಿ ಅಂದಾಗಲೂ ನನಗೆ ನೆನಪಾಗಲಿಲ್ಲ ನೋಡು” ಎಂದರು. ಆಮೇಲೆ ಮತ್ತೆ ಕಳಲೆ ಹೆಚ್ಚತೊಡಗಿದರು.

ಆಕೆಗೆ ಇದ್ದದ್ದು ಏನೆಂದು ಪಟ ನೋಡಿ ನಿರ್ಧರಿಸಲು ನಾನು ಯಾರು? ಆದರೆ ಶತಮಾನಗಳ ಮಳೆ ಘಟ್ಟದ ಮಣ್ಣಿನಿಂದ ಅಯೋಡಿನ್ನನ್ನು ತೊಳೆದುಬಿಟ್ಟಿದೆ. ನಮ್ಮ ರಾಜ್ಯದಲ್ಲಿ ಗಳಗಂಡ ಹೆಚ್ಚೆಂದು ಸಮೀಕ್ಷೆಗಳಲ್ಲಿ ಕಂಡುಬಂದ ಜಿಲ್ಲೆಗಳಲ್ಲಿ ಕೊಡಗಿನೊಡನೆ ಚಿಕ್ಕಮಗಳೂರೂ ಇದೆ. ಗ್ರಂಥಿಗೆ ಅಯೋಡಿನ್ ಸಿಗದಾಗ ಅದು ಹಿಗ್ಗಿ ಗಡ್ಡೆಯಾಗುತ್ತದೆ. ಕೊರತೆ ತೀವ್ರವಾದಲ್ಲಿ ಹುಟ್ಟುವ ಮಕ್ಕಳಿಗೆ ಕಿವುಡು, ಮೂಗತನ, ಬುದ್ಧಿಮಾಂದ್ಯ ಬರುತ್ತವೆ. ಡಾಕ್ಟರ್ ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು ಗಳಗಂಡವನ್ನು ಇಳಿಸಬಹುದೆಂದು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆ ಉಪ್ಪು ನಮ್ಮ ಬೆಟ್ಟಗಳ ಅಡಿಗೆಮನೆಗಳಿಗೆ ಬರುವ ಹೊತ್ತಿಗೆ ಅತ್ತೆಯವರ ಅಕ್ಕನ ಕಾಲ ಮುಗಿದುಹೋಗಿತ್ತು. ಸಮುದ್ರದ ಉಪ್ಪಿನಲ್ಲಿ ತಾನಾಗಿಯೇ ಅಯೋಡಿನ್ ಇದ್ದೇ ಇರುತ್ತದೆಂದು ಅನೇಕರು ತಿಳಿದಿದ್ದಾರೆ. ಕಲ್ಲುಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ನನ್ನ ರೋಗ ಉಪ್ಪಿನಿಂದ ಗುಣವಾಗುವ ಜಾತಿಯದಲ್ಲ, ನಿಜ. ಆದರೂ ಮರುದಿನ ಸಾರಿಗೆ ಹಾಕುವ ಉಪ್ಪಿನ ಭರಣಿಯಿಂದ ಕಲ್ಲುಪ್ಪು ಹೋಗಿ ಪ್ಯಾಕೆಟ್ಟಿನ ಉಪ್ಪು ಬಂದಿತ್ತು. ಕಲ್ಲುಪ್ಪು ಉಪ್ಪಿನಕಾಯಿಗೆ ಮಾತ್ರ ಉಳಿಯಿತು.

ದಾರಿ ತೆರೆದಾಗ ಪರೀಕ್ಷೆ ಹತ್ತು ದಿನ ತಡವಾಗಿತ್ತು. ಆ ಹತ್ತು ದಿನಗಳಲ್ಲಿ ಒಂದು ಮಾತ್ರೆಯೂ ತಪ್ಪಿರಲಿಲ್ಲ. ಫಲಿತಾಂಶ 1.9. ಅಕ್ಟೋಬರಿನಲ್ಲಿ, ಮೂವತ್ತನೆಯ ವಾರದ ಪರೀಕ್ಷೆಯೂ ಚೆನ್ನಾಗಿಯೇ ಬಂದಿತು.

ಡಿಸೆಂಬರಿನ ಕೊನೆಯಲ್ಲಿ, ಅರೇಬಿಕ ಕುಯ್ಲಿನ ಗಡಿಬಿಡಿಯ ನಡುವೆ, ಹಾಸನದಲ್ಲಿ ಮಗಳು ಹುಟ್ಟಿದಳು. ನಾಲ್ಕನೆಯ ದಿನ ಅವಳ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದರು. ಹುಟ್ಟಿದ ಮಗುವಿನ ಥೈರಾಯಿಡ್ ಸರಿಯಿದೆಯೇ ಎಂದು ತಿಳಿಯಲು ಅದೊಂದು ತೊಟ್ಟು ಸಾಕು. ಕೊರತೆಯಿದ್ದರೆ ಮೊದಲ ವಾರಗಳಲ್ಲಿಯೇ ಮಾತ್ರೆ ಆರಂಭಿಸಿ ಮಗುವಿನ ಬುದ್ಧಿಯನ್ನು ಉಳಿಸಬಹುದು. ಮಗು ಅತ್ತಿತು. ಅದರ ದನಿ ಕೇಳಿ ಅತ್ತೆಯವರು, “ಎಷ್ಟು ಜೋರು ಗಂಟಲು!” ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ಫಲಿತಾಂಶದಲ್ಲಿ ದೋಷವೇನೂ ಇರಲಿಲ್ಲ. ನನ್ನ ಮಾತ್ರೆಯನ್ನು ಹೆರಿಗೆಯ ಮರುದಿನವೇ ಹಿಂದಿನ 75ಕ್ಕೆ ಇಳಿಸಿದರು. ಆರು ವಾರದ ಮೇಲೆ ಮತ್ತೊಮ್ಮೆ ರಕ್ತ ನೋಡಿದರು. ಹಾಲೂಡಿಸುವುದಕ್ಕೆ ಅದರಿಂದ ಅಡ್ಡಿಯಿಲ್ಲ.

ಈಗಲೂ ನಮ್ಮ ಮನೆಯ ಕಾಫಿ ಆರು ಗಂಟೆಗೆ. ಕಳೆದ ತಿಂಗಳು ಪಕ್ಕದ ತೋಟದ ಹೊಸ ಸೊಸೆ ಏನೋ ಕೇಳಿಕೊಂಡು ಬೆಳಗಾಗೆದ್ದು ಬಂದಳು. ಮುಖ ಸ್ವಲ್ಪ ಊದಿತ್ತು, ಶಾಲು ಹೊದ್ದಿದ್ದಳು. ಅತ್ತೆಯವರು ಅವಳನ್ನು ಒಲೆಯ ಹತ್ತಿರ ಕೂರಿಸಿ, ಕಾಫಿಯ ಲೋಟವನ್ನು ಕೈಯಲ್ಲಿಯೇ ಹಿಡಿದುಕೊಂಡು, “ಮಾತ್ರೆಗೀತ್ರೆ ಏನಾದರೂ ತಗೊಳ್ತೀಯೇನೇ? ತಗೊಂಡು ಎಷ್ಟು ಹೊತ್ತಾಯಿತು?” ಎಂದು ಕೇಳಿದರು. ಆ ಹುಡುಗಿ ಬೆರಗಾಗಿ ನನ್ನ ಮುಖ ನೋಡಿದಳು. ಉತ್ತರ ಬರುವವರೆಗೆ ಅತ್ತೆಯವರು ಲೋಟ ಕೊಡಲಿಲ್ಲ.